ಬಿಲ್ಲು ಮಗುವಿನ ಕೈಗೆ, ಚಿಗರಿ ಅದರ ಪಾಡಿಗೆ

ಯುಗಾದಿ ಬಂತೆಂದರೆ ಗಂಡಸರು ಗುಂಪುಗೂಡಿ ಬೇಟೆಗೆ ಹೊರಡುವ ರೂಢಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗೆ ಹೊಸದಲ್ಲ. ಕೆಲವು ಊರುಗಳಲ್ಲಿ ಅದು ನಿಂತಿದೆ, ಕೆಲವೆಡೆ ಕದ್ದುಮುಚ್ಚಿ ನಡೆಯುತ್ತದೆ, ಒಮ್ಮೊಮ್ಮೆ ಬಹಿರಂಗವಾಗಿಯೇ ನಡೆಯುತ್ತದೆ. 2025ರ ಯುಗಾದಿಯ ಬೆನ್ನಿಗೇ ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ ಕೊಂದ ಮೊಲಗಳನ್ನು ಮೆರವಣಿಗೆ ಮಾಡಿದ ವಿಡಿಯೊ ಹರಿದಾಡಿತು. ಮೆರವಣಿಗೆಯಲ್ಲಿದ್ದವರ ಕೈಯಲ್ಲಿ ಮಾರಕಾಸ್ತ್ರಗಳಿದ್ದವು. ಅರಣ್ಯ ಇಲಾಖೆ ಪ್ರಕರಣ ದಾಖಲಿಸಿಕೊಂಡಿತು. ಇಂಥದೊಂದು ಸುದ್ದಿ ಬಂದಾಗಲೆಲ್ಲ ಊರಲ್ಲಿ ಎರಡು ಮಾತು ಕೇಳಿಬರುತ್ತವೆ. ಕಾಯ್ದೆ ಮುರಿದವರಿಗೆ ಶಿಕ್ಷೆಯಾಗಲಿ ಎಂಬುದು ಒಂದು. ಇದು ಹಿರಿಯರಿಂದ ಬಂದದ್ದು, ಮಕ್ಕಳಿಗೂ ದಾಟಿಸಬೇಕಾದದ್ದು, ನಿಲ್ಲಿಸಲು ಇವರ್ಯಾರು ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಬೇಡ, ನಾಯಕ, ವಾಲ್ಮೀಕಿ ಎಂದು ಕರೆಸಿಕೊಳ್ಳುವ ಸಮುದಾಯ ಈ ಮೂರೂ ತಾಲ್ಲೂಕುಗಳಲ್ಲಿ ದೊಡ್ಡದು. ಅವರ ನೆನಪಿನಲ್ಲಿ ಬಿಲ್ಲಿಗೆ ಇರುವ ಗೌರವ ಸಣ್ಣದಲ್ಲ. ಆದರೆ ಆ ಮಾತನ್ನು ನಿಜವಾಗಿ ಗೌರವಿಸುವುದಾದರೆ ಮೊದಲು ಒಂದನ್ನು ವಿಚಾರಿಸಬೇಕು: ದಾಟಿಸಬೇಕೆನ್ನುವ ಆ ಪರಂಪರೆ ಯಾವುದು? ನನ್ನ ವಾದ ಇಷ್ಟೇ. ಬಿಲ್ಲಿನ ಬೇಟೆಯಲ್ಲಿ ಮಗುವಿಗೆ ಕೊಡಬೇಕಾದ ವಿದ್ಯೆಯೆಲ್ಲ ಬಾಣ ಬಿಡುವುದಕ್ಕಿಂತ ಮೊದಲಿನದು. ಅದನ್ನು ಪೂರ್ತಿಯಾಗಿ ಕೊಡಲು ಒಂದು ಚಿಗರಿಯೂ ಸಾಯಬೇಕಿಲ್ಲ. ಇಂದು ಪರಂಪರೆಯ ಹೆಸರಿನಲ್ಲಿ ನಡೆಯುವ ಕೊಲ್ಲುವಿಕೆಯಲ್ಲಿ ಆ ವಿದ್ಯೆ ಉಳಿದೇ ಇಲ್ಲ.

ಬಿಲ್ಲು ಬೇಟೆಗಾರನಿಂದ ಏನನ್ನು ಕೇಳುತ್ತದೆ ಎಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಬಿದಿರಿನ ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 45 ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳೋಣ. 30 ಮೀಟರ್ ದೂರದ ಪ್ರಾಣಿಯನ್ನು ಮುಟ್ಟಲು ಅದಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಹೆದೆ ಮಿಡಿದ ಸದ್ದು ಮಾತ್ರ ಸೆಕೆಂಡಿಗೆ 340 ಮೀಟರ್ ಹೋಗಿ ಬಾಣಕ್ಕಿಂತ ಬಹಳ ಮೊದಲೇ ಅದರ ಕಿವಿಗೆ ಬಿದ್ದಿರುತ್ತದೆ. ಜಿಂಕೆ ಜಾತಿಯ ಪ್ರಾಣಿ ಸದ್ದಿಗೆ ಬೆಚ್ಚಿದರೆ ಮೊದಲು ಮೈ ಕುಗ್ಗಿಸುತ್ತದೆ, ಆಮೇಲೆ ಜಿಗಿಯುತ್ತದೆ. ಎದೆಗೆ ಗುರಿಯಿಟ್ಟ ಬಾಣ ಅಷ್ಟರಲ್ಲಿ ಬೆನ್ನ ಮೇಲಿಂದ ಹೋಗಿರುತ್ತದೆ, ಇಲ್ಲವೇ ಹೊಟ್ಟೆಗೆ ನಾಟಿರುತ್ತದೆ. ಗುಂಡಿನ ಹಾಗೆ ಬಾಣ ಹೊಡೆತದ ರಭಸದಿಂದ ಕೆಡವುವುದಿಲ್ಲ. ಪಕ್ಕೆಲುಬಿನ ಹಿಂದಿನ ಪುಪ್ಪುಸಕ್ಕೆ ಹರಿತವಾದ ಅಲಗು ಹೊಕ್ಕು, ರಕ್ತ ಹರಿದುಹೋಗಿ ಪ್ರಾಣಿ ಬೀಳಬೇಕು. ಗುರಿ ಒಂದು ಗೇಣು ಹಿಂದೆ ಸರಿದರೆ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಆದ್ದರಿಂದ ಬಿಲ್ಲುಗಾರ ಇಪ್ಪತ್ತು ಹೆಜ್ಜೆಯಷ್ಟು ಹತ್ತಿರ ಹೋಗದೆ ಬಾಣ ಬಿಡಬಾರದು, ಅಡ್ಡ ನಿಂತ ಪ್ರಾಣಿಗಲ್ಲದೆ ಬಿಡಬಾರದು, ಸಂಶಯವಿದ್ದರೆ ಹೆದೆ ಇಳಿಸಬೇಕು. ಬಿಲ್ಲಿನ ಮೊದಲ ಪಾಠವೇ ಬಿಡದೆ ಇರುವುದು.

ಈಗ ಆ ಇಪ್ಪತ್ತು ಹೆಜ್ಜೆಯನ್ನು ಈ ಸೀಮೆಯ ಎರಿಹೊಲದಲ್ಲಿ ಊಹಿಸಿಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರಿನ ಸುತ್ತ ಭತ್ತದ ಗದ್ದೆಗಳು ಹಬ್ಬುವ ಮೊದಲು, ಇಲ್ಲಿ ಕಣ್ಣು ಹಾಯಿಸಿದಷ್ಟೂ ಜೋಳ, ಹತ್ತಿ, ಕಡಲೆಯ ಬಯಲು. ನಡುನಡುವೆ ಮಸಾರಿ ನೆಲ, ಕುರುಚಲು ಮಡ್ಡಿ, ಬಂಡೆಗುಡ್ಡ. ಮರೆ ನಿಲ್ಲಲು ಮರವಿಲ್ಲ. ಇಲ್ಲಿಯ ಚಿಗರಿ ಎಂದರೆ ಹೆಚ್ಚಾಗಿ ಕೃಷ್ಣಮೃಗ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದ್ದು. ಇಂಥ ಬಯಲಿನಲ್ಲಿ ಅದರ ಸಮೀಪ ಹೋಗಬೇಕಾದರೆ ಅದರ ದಿನಚರಿಯೇ ಗೊತ್ತಿರಬೇಕಿತ್ತು. ಮಳೆ ನಿಂತ ಮರುದಿನದ ಎರೆಮಣ್ಣಿನಲ್ಲಿ ಕುರಿಯ ಗೊರಸು ಮೊಂಡಾಗಿ ಒತ್ತಿರುತ್ತದೆ, ಚಿಗರಿಯದು ಕಿರಿದಾಗಿ ಮುಂತುದಿ ಚೂಪಾಗಿರುತ್ತದೆ. ಓಡಿದ್ದರೆ ಎರಡು ಗೊರಸು ಅಗಲಿ ತುದಿ ಆಳಕ್ಕಿಳಿದಿರುತ್ತದೆ. ಅಂಚು ಕುಸಿಯದಿದ್ದರೆ ಹೆಜ್ಜೆ ಇಂದಿನದು, ಅದರ ಮೇಲೆ ಇರುವೆಯ ಗೂಡು ಎದ್ದಿದ್ದರೆ ಹಳೆಯದು. ಹೋರಿ ಚಿಗರಿ ತನ್ನ ಜಾಗ ಹಿಡಿದು ನಿಂತರೆ ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ; ಗುಡ್ಡೆಯ ಮೇಲಿನ ಹಿಕ್ಕೆ ಕಪ್ಪಗೆ ಹಸಿಯಾಗಿ ಹೊಳೆಯುತ್ತಿದ್ದರೆ ಒಡೆಯ ದೂರ ಹೋಗಿಲ್ಲ ಎಂದರ್ಥ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ದನವನ್ನು ಪಳಗಿಸಿ, ಅದರ ಮರೆಯಲ್ಲಿ ಬಗ್ಗಿ ಅದು ಮೇಯುವ ನಿಧಾನದಲ್ಲೇ ಮುಂದೆ ಸರಿಯುವ ಉಪಾಯ ದಖ್ಖನದ ಬೇಟೆಗಾರರಲ್ಲಿತ್ತು. ಸಾಕಿದ ಹೋರಿ ಚಿಗರಿಯ ಕೊಂಬಿಗೆ ಉರುಲು ಕಟ್ಟಿ ಬಿಟ್ಟು, ಕಾಳಗಕ್ಕೆ ಬಂದ ಕಾಡು ಹೋರಿ ಸಿಕ್ಕಿಬೀಳುವಂತೆ ಮಾಡುವುದು ಮೊಗಲರ ಕಾಲದಲ್ಲೇ ದಾಖಲಾದ ಪದ್ಧತಿ. ಇದೆಲ್ಲ ವರ್ಷಗಟ್ಟಲೆ ನೋಡಿ, ಕಾದು, ಸೋತು ಕಲಿತದ್ದು. ಮಗುವಿಗೆ ಹೇಳಿಕೊಡಬೇಕಾದ ಪರಂಪರೆ ಎಂದು ಯಾರಾದರೂ ಹೇಳಿದರೆ ನಾನು ತಲೆಬಾಗುವುದು ಇದಕ್ಕೆ.

ಆದರೆ ಇವತ್ತಿನ ಬೇಟೆಯಲ್ಲಿ ಇದು ಎಲ್ಲಿದೆ? ಉರುಲಿಗೆ ಗಾಳಿಯ ದಿಕ್ಕು ಬೇಡ, ಬಲೆಗೆ ಸಂಯಮ ಬೇಡ, ನಾಯಿಗಳ ಹಿಂಡಿಗೆ ಹೆಜ್ಜೆ ಓದುವವರು ಬೇಡ. ರಾತ್ರಿ ಬೈಕಿನಲ್ಲಿ ಹೋಗಿ ಕಣ್ಣಿಗೆ ಟಾರ್ಚ್ ಬಿಟ್ಟರೆ ಪ್ರಾಣಿ ನಿಂತಲ್ಲೇ ನಿಲ್ಲುತ್ತದೆ. ಬಿಲ್ಲನ್ನು ಕೈಬಿಡಿಸಿದ್ದು 1972ರ ವನ್ಯಜೀವಿ ಕಾಯ್ದೆಯೂ ಅಲ್ಲ, ಅದಕ್ಕೂ ಬಹಳ ಹಿಂದೆಯೇ ಬಂದೂಕು ಬಂದಿತ್ತು. 1705ರಲ್ಲಿ ಔರಂಗಜೇಬ ಖುದ್ದು ಬಂದು ಸುರಪುರದ ನಾಯಕರ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ, ಬೇಡರ ಪಡೆ ಹೆಸರಾಗಿದ್ದದ್ದು ಬಂದೂಕಿನ ಗುರಿಗೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ದಂಗೆಯೆದ್ದರು. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಆಯುಧ ಎಂದರೆ ಆ ಜನಕ್ಕೆ ಮಾನವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಮಾನಕ್ಕೂ, ಸಿಕ್ಕಿಬಿದ್ದ ಮೊಲವನ್ನು ಕೋಲಿನಿಂದ ಬಡಿದು ಫೋಟೊ ತೆಗೆಸಿಕೊಳ್ಳುವುದಕ್ಕೂ ಯಾವ ಸಂಬಂಧವೂ ಇಲ್ಲ. ಇಂಥ ಗುಂಪಿನಲ್ಲಿ ಆರೇಳು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದರೆ ಅದು ಕಾಣುವುದು ಕೊನೆಯ ನಿಮಿಷವನ್ನು ಮಾತ್ರ. ಯಾವುದಕ್ಕೆ ದೊಡ್ಡವರು ಕೇಕೆ ಹಾಕುತ್ತಾರೋ ಅದನ್ನೇ ಮಗು ದೊಡ್ಡತನ ಎಂದು ಹಿಡಿಯುತ್ತದೆ. ಕಾದು ಕೂತು ಕಲಿಯುವವರ ಜೊತೆ ಹೋದ ಮಗು ಒಂದು ಕಲಿಯುತ್ತದೆ, ಈ ಗುಂಪಿನ ಮಗು ಬೇರೆಯದನ್ನೇ ಕಲಿಯುತ್ತದೆ.

ನೆಲದ ಇತಿಹಾಸವನ್ನು ಸಾಕ್ಷಿಗೆ ಕರೆಯುವವರು ಅದನ್ನು ಪೂರ್ತಿ ಕೇಳಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅಗೆದು, 1960ರಲ್ಲಿ ವರದಿ ಪ್ರಕಟಿಸಿದರು. ನಾಲ್ಕು ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ಆ ಜನ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳಲ್ಲಿ ಜಿಂಕೆ ಜಾತಿಯವೂ ಇವೆ, ಆದರೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಉದ್ದ ಕೊಂಬಿನ ದನಗಳು. ಈ ಸೀಮೆಯ ಬದುಕು ಅಷ್ಟು ಹಿಂದೆಯೇ ದನದ ಮೇಲೆ ನಿಂತಿತ್ತು, ಬೇಟೆ ಅದರ ಬದಿಯಲ್ಲಿತ್ತು. ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಅವರಿಗೆ ಸಿಕ್ಕ ಬಂಡೆಶಾಸನದಿಂದಲೇ ಹಳೆಯ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ಅರಸ ಅಶೋಕನೇ ಎಂಬುದು ಖಚಿತವಾಯಿತು. ಮಸ್ಕಿಯ ಶಾಸನದಲ್ಲಿ ಬೇಟೆಯ ಮಾತಿಲ್ಲ. ಆದರೆ ತುಂಗಭದ್ರೆಯ ಆಚೆ, ಕರ್ನೂಲು ಸೀಮೆಯ ಯೆರ್ರಗುಡಿಯಲ್ಲಿ ಅದೇ ಅರಸನ ದೊಡ್ಡ ಬಂಡೆಶಾಸನಗಳೂ ಇವೆ. ಹಿಂದೆ ಅರಮನೆಯ ಅಡುಗೆಮನೆಗೆ ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು ಮತ್ತು ಒಂದು ಜಿಂಕೆ ಮಾತ್ರ, ಆ ಜಿಂಕೆಯೂ ದಿನಾಲೂ ಅಲ್ಲ, ಮುಂದೆ ಈ ಮೂರೂ ಇಲ್ಲ ಎಂದು ಮೊದಲನೆಯದು ತಿಳಿಸುತ್ತದೆ. ಎಂಟನೆಯದು ಅರಸರ ಬೇಟೆಯ ಪ್ರವಾಸದ ಜಾಗದಲ್ಲಿ ಧರ್ಮಯಾತ್ರೆ ಬಂದದ್ದನ್ನು ಹೇಳುತ್ತದೆ. ಅಂದರೆ ಬೇಟೆ ಎಷ್ಟು ಹಳೆಯದೋ, ಬೇಟೆಯನ್ನು ಕಡಿಮೆ ಮಾಡಬೇಕೆಂಬ ಮಾತು ಈ ನೆಲದಲ್ಲಿ ಹತ್ತಿರ ಹತ್ತಿರ 2,300 ವರ್ಷ ಹಳೆಯದು. ಎರಡೂ ನಮ್ಮ ಪರಂಪರೆಯೇ. ಯಾವುದನ್ನು ಮಗುವಿಗೆ ಕೊಡುತ್ತೇವೆ ಎಂಬ ಆಯ್ಕೆಯಿಂದ ಹಳತನದ ನೆಪ ಹೇಳಿ ಪಾರಾಗಲು ಬರುವುದಿಲ್ಲ.

ಬಯಲಾಟದಲ್ಲೂ ಪುರಾಣ ಪ್ರವಚನದಲ್ಲೂ ಈ ಭಾಗದ ಜನ ಕೇಳಿ ಬೆಳೆದ ಕಥೆಗಳನ್ನು ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಬಿಲ್ವಿದ್ಯೆಯ ದೊಡ್ಡ ಪರೀಕ್ಷೆಗಳು ಯಾವುವು? ದ್ರೋಣ ಶಿಷ್ಯರಿಗೆ ಗುರಿಯಿಡಲು ಮರದ ಮೇಲೆ ಇರಿಸಿದ ಹಕ್ಕಿ ಶಿಲ್ಪಿಗಳು ಮಾಡಿದ್ದು, ಜೀವದ ಹಕ್ಕಿಯಲ್ಲ. ದ್ರೌಪದಿಯ ಸ್ವಯಂವರದಲ್ಲಿ ಅರ್ಜುನ ಹೊಡೆದದ್ದು ಯಂತ್ರವನ್ನು. ಬೇಡರ ಹುಡುಗ ಏಕಲವ್ಯ ತನ್ನ ವಿದ್ಯೆ ತೋರಿಸಿದ್ದು ಬೊಗಳುವ ನಾಯಿಯ ಬಾಯನ್ನು ಬಾಣಗಳಿಂದ ಮುಚ್ಚಿಸಿ. ನಾಯಿ ಸಾಯಲಿಲ್ಲ, ಬದುಕಿ ಪಾಂಡವರ ಬಳಿಗೆ ಓಡಿತು, ಅದನ್ನು ನೋಡಿಯೇ ಅವರು ಬೆರಗಾದರು. ಇನ್ನು ಬಾಣ ಮೃಗವನ್ನು ಅರಸಿ ಹೋದ ಕಥೆಗಳೋ? ಪಾಂಡು ಹೊಡೆದ ಜಿಂಕೆ ಋಷಿಯಾಗಿ ಶಪಿಸಿತು. ದಶರಥ ಸದ್ದು ಕೇಳಿ ಬಿಟ್ಟ ಬಾಣ ನೀರು ತುಂಬುತ್ತಿದ್ದ ಮುನಿಕುಮಾರನಿಗೆ ನಾಟಿತು. ಚಿನ್ನದ ಜಿಂಕೆಯ ಹಿಂದೆ ಹೋದ ರಾಮ ಸೀತೆಯನ್ನು ಕಳೆದುಕೊಂಡ. ಕೃಷ್ಣನ ಪಾದವನ್ನು ಜಿಂಕೆಯೆಂದು ತಿಳಿದು ಬೇಡನೊಬ್ಬ ಬಾಣ ಬಿಟ್ಟ. ಬೇಡ ಸಮುದಾಯ ತನ್ನ ಮೂಲಪುರುಷನೆಂದು ಪೂಜಿಸುವ ವಾಲ್ಮೀಕಿಯ ಬಾಯಲ್ಲಿ ಮೊದಲ ಶ್ಲೋಕ ಹುಟ್ಟಿದ್ದು ಜೋಡಿಹಕ್ಕಿಯಲ್ಲೊಂದು ಬಾಣಕ್ಕೆ ಬಿದ್ದಾಗ. ಆ ಕಾಲದವರು ಬೇಟೆಯಾಡುತ್ತಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಆಡುತ್ತಿದ್ದರು, ತಿನ್ನುತ್ತಿದ್ದರು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ತುಂಬ ಬೇಟೆಯ ಸಾಲುಗಳಿವೆ. ಆದರೆ ಬಿಲ್ಲನ್ನು ಕೊಂಡಾಡಿದ ಅದೇ ಕಥೆಗಾರರು ಮೃಗದ ಮೇಲಿನ ಬಾಣದ ಬಗ್ಗೆ ಇಷ್ಟು ಅಳುಕಿದ್ದಾರೆ ಎಂಬುದು ಗಮನಕ್ಕೆ ಬರಬೇಕು.

ಕೊಲ್ಲದೆ ಬೇಟೆಯ ಆಚರಣೆ ನಡೆಸುವುದು ನಗರದವರ ಹೊಸ ಕಲ್ಪನೆ ಎನ್ನುವವರಿಗೆ ಜೀವಂತ ಉದಾಹರಣೆಗಳಿವೆ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಪಳ್ಳಿವೇಟ್ಟ ಎಂಬ ಬೇಟೆ ಉತ್ಸವದಲ್ಲಿ ತಿರುವಾಂಕೂರು ರಾಜಮನೆತನದ ಹಿರಿಯರು ಬಿಲ್ಲು ಹಿಡಿದು ಬಾಣ ಬಿಡುತ್ತಾರೆ. ಬಾಣ ಹೋಗಿ ನಾಟುವುದು ಎಳನೀರಿಗೆ. ಕೊಡಗಿನದು ಇನ್ನೂ ಹತ್ತಿರದ ಸಾಕ್ಷಿ. ಹುಲಿ ಕೊಂದವನಿಗೆ ಮದುವೆಯಂಥ ಮಂಗಲ ಮಾಡುವಷ್ಟು ಬೇಟೆಯನ್ನು ಮೆಚ್ಚಿದ್ದ ಜನ ಕೊಡವರು. ಗಂಡು ಮಗು ಹುಟ್ಟಿದರೆ ಔಡಲ ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು-ಬಾಣ ಮಾಡಿ ಅದರ ಕೈಗೆ ತಾಕಿಸುವುದು ಕೊಡವರ ಸಂಪ್ರದಾಯ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ ಹಿಂದೆ ಕಾಡಿಗೆ ಬೇಟೆಗೆ ಹೋಗುತ್ತಿದ್ದರು. ಈಗ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ, ಹೆಂಗಸರೂ ಬಂದು ಗುರಿಯಿಡುತ್ತಾರೆ. ಹಬ್ಬದ ಗತ್ತು ಕಡಿಮೆಯಾಗಿಲ್ಲ. ಯುಗಾದಿಯ ಬೇಟೆಗೆ ಇಂಥದೊಂದು ದಾರಿ ಮಸ್ಕಿಯಲ್ಲಿ ಏಕಿರಬಾರದು?

ಇಲ್ಲಿ ಬರುವ ಗಟ್ಟಿಯಾದ ಆಕ್ಷೇಪವೆಂದರೆ ನ್ಯಾಯದ್ದು. ಅರಸರು, ನವಾಬರು, ದೊರೆಗಳು ಚೀತಾ ಬಿಟ್ಟು, ಜೀಪು ಹತ್ತಿ ಹಿಂಡುಹಿಂಡಾಗಿ ಕೊಂದರು. ಪ್ರಾಣಿ ಮುಗಿಯುತ್ತ ಬಂದಾಗ ಶಿಕ್ಷೆ ಮಾತ್ರ ಹೊಟ್ಟೆಪಾಡಿಗೆ ಬೇಟೆಯಾಡಿದ ಬಡವನಿಗೆ ಬಂತು. ಇದು ನಿಜ. ಚಿಗರಿಯನ್ನು ಓಡಿಸಿ ಹಿಡಿಯುತ್ತಿದ್ದ ಚೀತಾವೇ ದೇಶದಿಂದ ಅಳಿದಿದೆ ಎಂದು 1952ರಲ್ಲಿ ಸರ್ಕಾರ ಒಪ್ಪಿಕೊಂಡಿತು, ಅದಕ್ಕೆ ಬೇಡರು ಕಾರಣರಲ್ಲ. 1991ರಲ್ಲಿ ಬೇಡ, ವಾಲ್ಮೀಕಿಗಳು ನಾಯಕರ ಜೊತೆ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ವರ್ಷ ವನ್ಯಜೀವಿ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಪಟ್ಟಿಮಾಡಿದ ವನ್ಯಪ್ರಾಣಿಗಳ ಬೇಟೆ ಪೂರ್ತಿಯಾಗಿ ಮುಚ್ಚಿತು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪುವಾಗಲೂ ಬೇಟೆ, ಬಲೆ, ಉರುಲನ್ನು ಹೆಸರಿಸಿ ಹೊರಗಿಟ್ಟಿತು. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಅದನ್ನು ಕೊಂದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆವಾಸ. ಹಿಡಿಯುವುದು, ಉರುಲೊಡ್ಡುವುದು, ಅಟ್ಟುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಇತಿಹಾಸದ ಅನ್ಯಾಯ ಇದ್ದದ್ದೇ ಆದರೂ ಅದರ ಪರಿಹಾರ ಉಳಿದ ನಾಲ್ಕು ಚಿಗರಿಗಳ ಮೈಮೇಲೆ ಸಿಗುವುದಿಲ್ಲ. ಜಮೀನು, ಶಾಲೆ, ನೌಕರಿ, ಮೀಸಲು ಸ್ಥಾನಗಳಲ್ಲಿ ಕೇಳಬೇಕಾದ್ದನ್ನು ಅಲ್ಲೇ ಜೋರಾಗಿ ಕೇಳಬೇಕು. ಜೊತೆಗೆ ಪ್ರಾಣಿಯ ಕಡೆಯಿಂದ ಒಂದು ಮಾತಿದೆ. ಕೃಷ್ಣಮೃಗಕ್ಕೆ ಮರಿ ಹಾಕಲು ಒಂದೇ ಕಾಲವೆಂಬುದಿಲ್ಲ, ವರ್ಷದ ಯಾವ ತಿಂಗಳಲ್ಲೂ ಹಾಕುತ್ತದೆ, ಸಾಮಾನ್ಯವಾಗಿ ಒಂದೇ ಮರಿ. ಹುಟ್ಟಿದ ಮರಿಯನ್ನು ತಾಯಿ ಮೊದಲ ಒಂದೆರಡು ವಾರ ಹುಲ್ಲಿನಲ್ಲಿ ಅಡಗಿಸಿ ತಾನು ದೂರ ಮೇಯುತ್ತದೆ. ಹೀಗಾಗಿ ಯುಗಾದಿಯ ದಿನ ಕೊಂದ ಹೆಣ್ಣು ಚಿಗರಿಯ ಮರಿ ಎಲ್ಲೋ ಹುಲ್ಲಿನಲ್ಲಿ ಕದಲದೆ ಮಲಗಿರಬಹುದು. ಆ ಮರಿಗೆ ಏಳಬೇಡ ಎಂದು ಹೇಳಿ ಹೋದ ತಾಯಿ ತಿರುಗಿ ಬರುವುದಿಲ್ಲ.

ರೈತರ ಆಕ್ಷೇಪ ಇನ್ನೂ ನೇರವಾದದ್ದು. ಕಡಲೆ, ಹೆಸರು, ಜೋಳ ಮೊಳಕೆಯೊಡೆದಾಗ ಚಿಗರಿ ಹಿಂಡು ಒಂದು ರಾತ್ರಿ ಹೊಕ್ಕರೆ ಬಿತ್ತನೆಯೇ ಹೋಯಿತು. ಬೀಜ, ಗೊಬ್ಬರ, ಕೂಲಿ ಎಲ್ಲ ಮಣ್ಣುಪಾಲು. ಹುಲ್ಲುಗಾವಲು ಒಂದೊಂದಾಗಿ ಉಳುಮೆಗೆ, ಲೇಔಟಿಗೆ ಹೋದಮೇಲೆ ಅವೂ ಎಲ್ಲಿಗೆ ಹೋಗಬೇಕು? ಬೆಳೆ ಹಾನಿಗೆ ಸರ್ಕಾರದ ಪರಿಹಾರ ಇದೆ, ಅದು ಹೊತ್ತಿಗೆ ಸರಿಯಾಗಿ, ನಿಜವಾದ ನಷ್ಟಕ್ಕೆ ತಕ್ಕಂತೆ ಸಿಗಬೇಕೆಂದು ರೈತರು ಪಟ್ಟು ಹಿಡಿಯುವುದು ಪೂರ್ತಿ ನ್ಯಾಯ. ಆದರೆ ಯುಗಾದಿಯ ಬೇಟೆಯಿಂದ ಬೆಳೆ ಉಳಿಯದು: ಬಿತ್ತನೆ ಮುಂಗಾರು ಹಿಂಗಾರಿನಲ್ಲಿ, ಬೇಟೆ ಹೊಲ ಖಾಲಿಯಾದ ಬೇಸಿಗೆಯಲ್ಲಿ. ಹಿಂಡಿನಿಂದ ಒಂದೆರಡನ್ನು ಕೊಂದರೆ ಉಳಿದವು ಪಕ್ಕದ ಹೊಲಕ್ಕೆ ಹೋಗುತ್ತವೆ. ಮಧ್ಯಪ್ರದೇಶದ ಶಾಜಾಪುರ ಜಿಲ್ಲೆಯಲ್ಲಿ 2025ರಲ್ಲಿ ಬೇರೆ ಪ್ರಯೋಗ ನಡೆಯಿತು. ಹೊಲಕ್ಕೆ ನುಗ್ಗುತ್ತಿದ್ದ ಕೃಷ್ಣಮೃಗಗಳನ್ನು ಹೆಲಿಕಾಪ್ಟರಿನಿಂದ ನಿಧಾನವಾಗಿ ಅಟ್ಟಿ, ಬರಬರುತ್ತ ಕಿರಿದಾಗುವ ಬಟ್ಟೆಯ ಗೋಡೆಗಳ ನಡುವೆ ಸೇರಿಸಿ, ಲಾರಿಗೆ ಹತ್ತಿಸಿ ಅಭಯಾರಣ್ಯಗಳಿಗೆ ಸಾಗಿಸಿದರು. ಹಿಂಡು ಯಾವ ಕಡೆ ತಿರುಗುತ್ತದೆ, ಯಾವಾಗ ಬೆದರುತ್ತದೆ ಎಂದು ಬಲೆಯ ಬಾಯಿಗೆ ಸೋವುತ್ತಿದ್ದ ಹಳೆಯ ಬೇಟೆಗಾರರಿಗೆ ಗೊತ್ತಿದ್ದ ವಿದ್ಯೆಯೇ ಇದು, ಕೊನೆಯಲ್ಲಿ ಕೊಲೆ ಇಲ್ಲ ಅಷ್ಟೇ. ಇಂಥ ಕೆಲಸ ಕರ್ನಾಟಕದಲ್ಲಿ ನಡೆದರೆ ಹೆಜ್ಜೆ ಓದಬಲ್ಲ ಸ್ಥಳೀಯರಿಗೇ ಮೊದಲ ಕೂಲಿ ಸಿಗಬೇಕು.

ಅಮೆರಿಕದಲ್ಲಿ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾರಲ್ಲ, ಅಲ್ಲಿ ತಪ್ಪಲ್ಲದ್ದು ಇಲ್ಲೇಕೆ ತಪ್ಪು ಎಂದು ಮೊಬೈಲಿನಲ್ಲಿ ವಿಡಿಯೊ ನೋಡಿದವರು ಕೇಳುತ್ತಾರೆ. ಅಲ್ಲಿಯೂ 1900ರ ಹೊತ್ತಿಗೆ ಬಿಳಿಬಾಲದ ಜಿಂಕೆ ಸುಮಾರು 5 ಲಕ್ಷಕ್ಕೆ ಇಳಿದಿತ್ತು. ಮಾಂಸದ ಮಾರಾಟ ನಿಲ್ಲಿಸಿ, ಋತು ಗೊತ್ತುಮಾಡಿ, ಒಬ್ಬನಿಗೆ ಇಷ್ಟೇ ಎಂದು ಚೀಟಿ ಕೊಟ್ಟು, 1937ರ ಕಾಯ್ದೆಯಿಂದ ಬಂದೂಕಿನ ಮೇಲಿನ ತೆರಿಗೆಯನ್ನೂ 1972ರ ಕಾಯ್ದೆಯಿಂದ ಬಿಲ್ಲು-ಬಾಣದ ಮೇಲಿನ ತೆರಿಗೆಯನ್ನೂ ಪ್ರಾಣಿಗಳ ನೆಲೆಗೆ ಹಾಕಿದರು. ಈಗ ಅಲ್ಲಿ ಸುಮಾರು 3 ಕೋಟಿ ಜಿಂಕೆಗಳಿವೆ, ತಿನ್ನುವ ತೋಳ ಬಹುಪಾಲು ಕಡೆ ಇಲ್ಲ. ನಮ್ಮ ಕೃಷ್ಣಮೃಗವನ್ನೇ 1932ರಲ್ಲಿ ಟೆಕ್ಸಾಸಿಗೆ ಒಯ್ದರು. ಅಲ್ಲಿ ಖಾಸಗಿ ಬೇಲಿಯೊಳಗೆ ಹಣ ಕೊಟ್ಟವರು ಅದನ್ನು ಹೊಡೆಯುತ್ತಾರೆ. ಬೇಲಿ, ಎಣಿಕೆ, ಕಾವಲು, ತೆರಿಗೆ ಯಾವುದೂ ಇಲ್ಲದ ಲಿಂಗಸುಗೂರಿನ ಮಡ್ಡಿಗೆ ಆ ಪದ್ಧತಿಯ ಕೊನೆಯ ತುಂಡನ್ನು ಮಾತ್ರ ತಂದುಕೊಂಡರೆ ಉಳಿಯುವುದು ಖಾಲಿ ಮಡ್ಡಿ. ಆದರೂ ಅವರಿಂದ ಕಲಿಯುವ ಒಂದು ಸಂಗತಿಯಿದೆ. ಅಲ್ಲಿ ಮಕ್ಕಳಿಗೆ ಬಿಲ್ಲು ಕೊಡುವ ಮೊದಲು ತರಗತಿಯಲ್ಲಿ ಕೂರಿಸಿ ಕಾನೂನು, ಪ್ರಾಣಿಯ ಗುರುತು, ಬಾಣ ಬಿಡಬಾರದ ಸಂದರ್ಭಗಳನ್ನು ಕಲಿಸುತ್ತಾರೆ. ನಮ್ಮಲ್ಲಿ ಆ ತರಗತಿ ಬೇಕು, ಬಾಣದ ಮುಂದೆ ಚಿಗರಿ ಬೇಡ.

ಕೊಲ್ಲದ ಬಿಲ್ಲು ಬರೀ ಆಟಿಕೆ ಎಂಬ ಮಾತು ಉಳಿಯಿತು. ರಾಜಸ್ಥಾನದ ಅಹಾರಿ ಬುಡಕಟ್ಟಿನ ಲಿಂಬಾ ರಾಮ್ ಬಿದಿರಿನ ಬಿಲ್ಲಿನಲ್ಲಿ ಹಕ್ಕಿ ಹೊಡೆದು ಬೆಳೆದ ಹುಡುಗ. 1987ರಲ್ಲಿ ಪ್ರತಿಭಾ ಶೋಧದಲ್ಲಿ ಆಯ್ಕೆಯಾಗಿ, ಮರುವರ್ಷವೇ ಸೋಲ್ ಒಲಿಂಪಿಕ್ಸಿಗೆ ಹೋದರು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲೂ ಆಡಿದರು, 2012ರಲ್ಲಿ ಪದ್ಮಶ್ರೀ ಬಂತು. ಒಲಿಂಪಿಕ್ಸಿನಲ್ಲಿ ಗುರಿ 70 ಮೀಟರ್ ದೂರ, ಹತ್ತು ಅಂಕದ ನಡುವಿನ ವೃತ್ತ 12.2 ಸೆಂಟಿಮೀಟರ್ ಅಗಲ. ಜಿಂಕೆಯ ಎದೆ ಅದರ ಮುಂದೆ ದೊಡ್ಡ ಗುರಿ. ಇದನ್ನು ಆಟಿಕೆ ಎನ್ನುವವರು ಒಮ್ಮೆ ಹೆದೆ ಎಳೆದು ನೋಡಬೇಕು. ದೇಶದ ಪಂದ್ಯಗಳಲ್ಲಿ ಬಿದಿರು, ಮರದ ಬಿಲ್ಲಿಗೆ 30 ಮತ್ತು 50 ಮೀಟರಿನ ಇಂಡಿಯನ್ ರೌಂಡ್ ಎಂಬ ಬೇರೆ ವಿಭಾಗವೇ ಇದೆ. ಅದಕ್ಕೆ ಲಕ್ಷಗಟ್ಟಲೆ ಬೆಲೆಯ ಸಾಮಾನು ಬೇಡ. ಮೂರೂ ತಾಲ್ಲೂಕುಗಳ ವಾಲ್ಮೀಕಿ ಭವನಗಳ, ವಸತಿ ಶಾಲೆಗಳ ಅಂಗಳದಲ್ಲಿ ಹುಲ್ಲಿನ ಪೆಂಡಿ ಕಟ್ಟಿ ಗುರಿಹಲಗೆ ನಿಲ್ಲಿಸಬಹುದು. ಯುಗಾದಿಯ ಮುಂಜಾನೆ ಹುಡುಗರನ್ನೂ ಹುಡುಗಿಯರನ್ನೂ ಕರೆದುಕೊಂಡು ಹಿರಿಯರು ಮಡ್ಡಿಗೆ ಹೋಗಿ, ಎಷ್ಟು ಹೆಜ್ಜೆ, ಎಷ್ಟು ಹಿಕ್ಕೆ ಗುಡ್ಡೆ, ಎಷ್ಟು ಚಿಗರಿ ಕಂಡವು ಎಂದು ಬರೆಸಿಕೊಂಡು ಬರಲಿ, ಮಧ್ಯಾಹ್ನ ಬಿಲ್ಲಿನ ಪಂದ್ಯ ಇಡಲಿ. ಗೆದ್ದವರನ್ನು ಹಲಗೆ ಬಾರಿಸಿ ಮೆರವಣಿಗೆ ಮಾಡಲಿ. ಆ ಎಣಿಕೆಯ ಕಾಗದ ವರ್ಷ ವರ್ಷ ಸೇರಿದರೆ, ಪರಿಹಾರ ಕೇಳುವ ರೈತರಿಗೂ ಹುಲ್ಲುಗಾವಲು ಉಳಿಸಿ ಎನ್ನುವವರಿಗೂ ತಹಶೀಲ್ದಾರರ ಮೇಜಿನ ಮೇಲೆ ಇಡಲು ಊರಿನದೇ ಲೆಕ್ಕವೊಂದು ಇರುತ್ತದೆ.